ಗರ್ಭಿಣಿಯ ರಕ್ತ ಮತ್ತು ತೂಕ



ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ, ಮೈತುಂಬಿಕೊಂಡ ಗರ್ಭಿಣಿಯನ್ನು ಆರೋಗ್ಯವಂತಳೆಂದೇ ಭಾವಿಸುವುದುಂಟು. ಇದು ತಪ್ಪು ಕಲ್ಪನೆ. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೂ ರಕ್ತದಲ್ಲಿ ಕಬ್ಬಿಣಾಂಶವು ಕಡಿಮೆಯಿರಬಹುದು. ಅತಿಯಾದ ಕೊಬ್ಬು, ಕರುಳು ಕಬ್ಬಿಣಾಂಶವನ್ನು ಹೀರಿಕೊಳ್ಳುವುದಕ್ಕೂ ಅಡ್ಡಿಯಾಗುತ್ತದೆ.

ರಕ್ತಹೀನತೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಮಂದಿ ರಕ್ತಹೀನತೆಯುಳ್ಳವರು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ. 7 ಗ್ರಾಂಗಿಂತ ಕೆಳಗಿಳಿದರೆ ಪ್ರಾಣಕ್ಕೇ ಅಪಾಯ. ಆಯಾಸ, ಏದುಸಿರು, ಬಿಳಿಚಿದ ಕಣ್ಣುರೆಪ್ಪೆಯ ಒಳಭಾಗ ಇದರ ಲಕ್ಷಣಗಳು. ಹೆರಿಗೆಯಲ್ಲಿ ಇತರರು ತಾಳಿಕೊಳ್ಳಬಲ್ಲ ರಕ್ತಸ್ರಾವವನ್ನು ಇಂತಹ ತಾಯಿಯು ತಾಳಿಕೊಳ್ಳಲಾರಳು. ಮಗುವೂ ತೂಕ ಕಡಿಮೆಯಾಗಿ ಜನಿಸಬಹುದು.

ಅತಿತೂಕ

ಎರಡು ಜೀವಕ್ಕೆ ಎರಡು ಪಾಲು ಊಟ ಬೇಕೆಂಬ ಮಾತು ಸರಿಯಲ್ಲ. ಮೊದಲು ಸರಿಯಾದ ತೂಕವಿದ್ದವಳು ಗರ್ಭಾವಧಿಯಲ್ಲಿ 11.5ರಿಂದ 16 ಕಿಲೋ ಹೆಚ್ಚಿದರೆ ಸಾಕು. ಮೊದಲೇ ತೂಕ ಹೆಚ್ಚಿದ್ದವಳಿಗೆ 7ರಿಂದ 11.5 ಕಿಲೋ. ತೂಕ ಮಿತಿಮೀರಿದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹಾಗೂ ಕಷ್ಟದ ಹೆರಿಗೆಯ ಸಂಭವ ಹೆಚ್ಚು. ಆದರೆ ತೂಕ ಇಳಿಸಲೆಂದು ಉಪವಾಸ ಮಾಡಕೂಡದು. ಕರಿದ ತಿಂಡಿ ಹಾಗೂ ಸಿಹಿಯನ್ನು ಮಿತಗೊಳಿಸಿ, ದಿನವೂ ಸ್ವಲ್ಪ ನಡೆದಾಡುವುದು ಉತ್ತಮ.

ಆಹಾರ ಮತ್ತು ಮಾತ್ರೆ

ಜೋಳ, ಸಜ್ಜೆಯ ರೊಟ್ಟಿ, ಮಡಕಿಕಾಳು, ಹೆಸರುಕಾಳು, ರಾಜಗಿರಿ, ಮೆಂತ್ಯದ ಪಲ್ಯ ಇವು ನಮ್ಮಲ್ಲೇ ದೊರೆಯುವ ಉತ್ತಮ ಆಹಾರಗಳು. ಮಾಂಸ, ಮೊಟ್ಟೆ ತಿನ್ನುವವರು ಅವನ್ನೂ ಸೇವಿಸಬಹುದು. ಇಂಡಿಯ ನಿಂಬೆಯು ಹೆಸರಾದುದು. ಊಟದೊಡನೆ ಅದರ ರಸ ಹಿಂಡಿಕೊಂಡರೆ ಕಾಳು, ಸೊಪ್ಪಿನ ಕಬ್ಬಿಣಾಂಶವು ಹೆಚ್ಚಾಗಿ ಮೈಗೂಡುತ್ತದೆ. ಊಟದೊಡನೆ ಚಹಾ ಕುಡಿದರೆ ಅದು ವ್ಯರ್ಥವಾಗುತ್ತದೆ.

ಆದರೂ ಗರ್ಭಿಣಿಗೆ ಆಹಾರದ ಕಬ್ಬಿಣವೊಂದೇ ಸಾಲದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕಬ್ಬಿಣಾಂಶದ ಮಾತ್ರೆಯನ್ನು ಕನಿಷ್ಠ 180 ದಿನ, ಹೆರಿಗೆಯ ನಂತರವೂ 180 ದಿನ ಸೇವಿಸಬೇಕು. ರಕ್ತಹೀನತೆ ಕಂಡುಬಂದಲ್ಲಿ ಪ್ರಮಾಣವನ್ನು ವೈದ್ಯರು ತಿಳಿಸುವರು. ಮಲವು ಕಪ್ಪಾದರೆ ಹೆದರಬೇಕಾಗಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ನುಂಗಬೇಕು.

ಪತಿಯ ಕರ್ತವ್ಯ

ಮನೆಮಂದಿಯೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವ ರೂಢಿಯು ಗರ್ಭಿಣಿಗೆ ಕೇಡು. ಅವಳನ್ನು ಜೊತೆಯಲ್ಲೇ ಊಟಕ್ಕೆ ಕೂರಿಸಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಗೆ ನೀವೇ ಕರೆದೊಯ್ಯಿರಿ. ಕುಬಸವಾಗಿ ತವರಿಗೆ ಹೊರಟಾಗ ಸೀರೆ, ಬಳೆಗಳೊಡನೆ ತಾಯಿ ಕಾರ್ಡನ್ನೂ ಉಳಿದ ಮಾತ್ರೆಗಳನ್ನೂ ಮರೆಯದೆ ಕಳುಹಿಸಿರಿ.

ತಾಯಿಯ ರಕ್ತವೇ ಮಗುವಿನ ಬಲ. ಅದನ್ನು ಕಾಪಾಡುವ ಹೊಣೆ ಇಬ್ಬರದೂ ಹೌದು.