ಬೆನ್ನಿನ ಇಂಜೆಕ್ಷನ್: ಭಯವೆಷ್ಟು, ನಿಜವೆಷ್ಟು?

‘ಹೆರಿಗೆಯಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವನಪೂರ್ತಿ ಸೊಂಟನೋವು’ ಎಂಬ ಮಾತನ್ನು ನಿಮ್ಮಲ್ಲಿ ಬಹಳ ಮಂದಿ ಕೇಳಿರುತ್ತೀರಿ. ನಮ್ಮ ಆಪಾಗೆ ಈಗ ಎಂಟು ತಿಂಗಳು. ನಾನಿ, ಖಾಲಾ, ಪಕ್ಕದ ಮನೆಯವರು ಎಲ್ಲರೂ ಹೇಳುವುದು ಒಂದೇ: ಏನೇ ಆಗಲಿ, ‘ಪೀಠ್ ಕೀ ಸೂಯಿ’ ಮಾತ್ರ ಬೇಡ. ನಾನು ಕಾಮರ್ಸ್ ವಿದ್ಯಾರ್ಥಿನಿ. ವೋಚರ್ ಇಲ್ಲದೆ ಎಂಟ್ರಿ ಬರೆಯಬಾರದು ಎಂದು ನಮಗೆ ಕಲಿಸುತ್ತಾರೆ. ಈ ಮಾತಿಗೆ ಆಧಾರವೇನು ಎಂದು ಓದಿ ನೋಡಿದೆ, ಆಪಾ ಜೊತೆ ತಪಾಸಣೆಗೆ ಹೋದಾಗ ಡಾಕ್ಟರನ್ನೂ ಕೇಳಿದೆ. ತಿಳಿದದ್ದು ಇಷ್ಟು.

ಬೆನ್ನುಹುರಿಗೇ ಸೂಜಿ ಚುಚ್ಚುತ್ತಾರೆ ಎಂಬುದು ಮೊದಲ ತಪ್ಪು ಕಲ್ಪನೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ 1 ಅಥವಾ 2ನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗೆ ನರಗಳ ಎಳೆಗಳು ಮಾತ್ರ ಒಂದು ದ್ರವದ ಚೀಲದೊಳಗೆ ಇರುತ್ತವೆ. ಸೂಜಿ ಹಾಕುವುದು ಸಾಮಾನ್ಯವಾಗಿ 3 ಮತ್ತು 4ನೇ ಮೂಳೆಗಳ ನಡುವೆ ಅಥವಾ ಅದಕ್ಕೂ ಕೆಳಗೆ.

ಇದರಲ್ಲಿ ಎರಡು ವಿಧ. ಸ್ಪೈನಲ್‌ನಲ್ಲಿ ಬಹಳ ತೆಳ್ಳನೆಯ ಸೂಜಿಯಿಂದ ಸುಮಾರು 2 ಮಿಲಿ ಲೀಟರ್ ಔಷಧವನ್ನು ಆ ದ್ರವದೊಳಗೆ ಒಮ್ಮೆ ಬಿಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಹೊಟ್ಟೆಯಿಂದ ಕಾಲಿನವರೆಗೆ ಮರಗಟ್ಟುತ್ತದೆ, ಒಂದೆರಡು ಗಂಟೆ ಇರುತ್ತದೆ. ಸಿಸೇರಿಯನ್‌ಗೆ ಹೆಚ್ಚಾಗಿ ಬಳಸುವುದು ಇದನ್ನೇ. ಎಪಿಡ್ಯೂರಲ್‌ನಲ್ಲಿ ಸೂಜಿ ಆ ಚೀಲದ ಹೊರಗೇ ನಿಲ್ಲುತ್ತದೆ. ಅಲ್ಲಿ ದಾರದಷ್ಟು ಸಣ್ಣ ಟ್ಯೂಬ್ ಇಟ್ಟು ಸೂಜಿಯನ್ನು ತೆಗೆದುಬಿಡುತ್ತಾರೆ. ಪರಿಣಾಮಕ್ಕೆ 15–20 ನಿಮಿಷ ಬೇಕು, ಆದರೆ ಟ್ಯೂಬ್ ಮೂಲಕ ಗಂಟೆಗಟ್ಟಲೆ ಔಷಧ ಕೊಡಬಹುದು. ಸಹಜ ಹೆರಿಗೆಯ ನೋವು ಕಡಿಮೆ ಮಾಡಲು ಬಳಸುವುದು ಇದು. ಎರಡರಲ್ಲೂ ತಾಯಿಗೆ ಎಚ್ಚರವಿರುತ್ತದೆ, ಮಗುವಿನ ಮೊದಲ ಅಳು ಕೇಳಿಸುತ್ತದೆ.

ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. ಜರ್ಮನಿಯ ಆಗಸ್ಟ್ ಬಿಯರ್ 1898ರಲ್ಲಿ ಸ್ಪೈನಲ್ ವಿಧಾನ ಬಳಸಿದರು. ತನ್ನ ಮೇಲೂ ಅದನ್ನು ಪ್ರಯೋಗಿಸಿಕೊಂಡು ಹಲವು ದಿನ ತಲೆನೋವು ಅನುಭವಿಸಿದರು. ಸ್ಪೇನ್‌ನ ಸೇನಾ ವೈದ್ಯ ಫಿಡೆಲ್ ಪಾಹೆಸ್ 1921ರಲ್ಲಿ ಎಪಿಡ್ಯೂರಲ್ ಬಗ್ಗೆ ಬರೆದರು.

ಇನ್ನು ಸೊಂಟನೋವು. ಸೂಜಿ ಹಾಕಿದ ಜಾಗದಲ್ಲಿ ಕೆಲವು ದಿನ ನೋವಿರಬಹುದು. ಆದರೆ ಎಪಿಡ್ಯೂರಲ್ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ದೀರ್ಘಕಾಲದ ಸೊಂಟನೋವಿನಲ್ಲಿ ವ್ಯತ್ಯಾಸ ಕಂಡಿಲ್ಲ. ಒಂಬತ್ತು ತಿಂಗಳು ಹೊತ್ತ ಭಾರ, ಗರ್ಭಿಣಿಯರಲ್ಲಿ ಸಡಿಲವಾಗುವ ಕೀಲುಗಳು, ಬಗ್ಗಿ ಕುಳಿತು ಹಾಲುಣಿಸುವುದು, ಇವೇ ಸಾಕು ಸೊಂಟ ನೋಯಲು. ಸೂಜಿ ಹಾಕಿದ ನೆನಪು ಉಳಿಯುತ್ತದೆ, ಆದ್ದರಿಂದ ತಪ್ಪೂ ಅದರ ಖಾತೆಗೇ ಬರೆಯಲ್ಪಡುತ್ತದೆ. ಎಪಿಡ್ಯೂರಲ್‌ನಿಂದ ಸಿಸೇರಿಯನ್ ಹೆಚ್ಚುತ್ತದೆ ಎಂಬುದೂ ನಿಜವಲ್ಲ. ಮಗುವನ್ನು ಹೊರಗೆ ತಳ್ಳುವ ಹಂತ ಮಾತ್ರ ಸ್ವಲ್ಪ ಉದ್ದವಾಗಬಹುದು.

ಹಾಗೆಂದು ತೊಂದರೆಯೇ ಇಲ್ಲ ಎನ್ನುವಂತಿಲ್ಲ. ಬಿಪಿ ಇಳಿಯುವುದು, ನಡುಕ, ತುರಿಕೆ ಸಾಮಾನ್ಯ. ಅದಕ್ಕೇ ಬಿಪಿಯನ್ನು ಪದೇ ಪದೇ ನೋಡುತ್ತಾರೆ. ಎಪಿಡ್ಯೂರಲ್ ನಂತರ ಸುಮಾರು 100ರಲ್ಲಿ ಒಬ್ಬರಿಗೆ, ಎದ್ದು ಕುಳಿತಾಗ ಹೆಚ್ಚಾಗುವ ತೀವ್ರ ತಲೆನೋವು ಬರಬಹುದು. ಅದಕ್ಕೆ ಚಿಕಿತ್ಸೆ ಇದೆ, ಮುಚ್ಚಿಡದೆ ಹೇಳಬೇಕು. ನರಕ್ಕೆ ಶಾಶ್ವತ ಹಾನಿ ಬಹಳ ಅಪರೂಪ. ರಕ್ತ ಹೆಪ್ಪುಗಟ್ಟದ ಸಮಸ್ಯೆ, ರಕ್ತ ತೆಳುವಾಗಿಸುವ ಔಷಧ, ಸೂಜಿ ಹಾಕುವ ಜಾಗದಲ್ಲಿ ಸೋಂಕು ಇದ್ದವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.

ಇದೆಲ್ಲ ನಮಗೇಕೆ? ತುರ್ತು ಸಿಸೇರಿಯನ್ ಹೊತ್ತಿನಲ್ಲಿ ಭಯದಿಂದ ಸ್ಪೈನಲ್ ಬೇಡವೆಂದರೆ ಉಳಿಯುವುದು ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ. ಗರ್ಭಿಣಿಯರಲ್ಲಿ ಅದರ ಅಪಾಯ ಹೆಚ್ಚು, ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು.

ನೋವು ಸಹಿಸುವುದೇ ಸವಾಬ್ ಎನ್ನುವ ಹಿರಿಯರೂ ಇದ್ದಾರೆ. ಫತ್ವಾ ಹೇಳಲು ನಾನು ಯಾರೂ ಅಲ್ಲ. ಆದರೆ ಸೂರಾ ಮರ್ಯಮ್‌ನಲ್ಲಿ ಹೆರಿಗೆ ನೋವಿನಿಂದ ಬಳಲಿದ ಹಜ್ರತ್ ಮರ್ಯಮ್ ಅವರಿಗೆ ದೊರೆತದ್ದು ನೀರು, ಖರ್ಜೂರ ಮತ್ತು ದುಃಖಿಸಬೇಡ ಎಂಬ ಸಮಾಧಾನ. ನೋವಿನಲ್ಲಿರುವವಳಿಗೆ ನೆರವಾಗುವುದು ತಪ್ಪಲ್ಲ ಎಂದೇ ನನಗೆ ಅನಿಸುತ್ತದೆ.

ಬೇಕೋ ಬೇಡವೋ ಎಂಬ ತೀರ್ಮಾನ ತಾಯಿಯದು, ಬೇಡ ಎನ್ನುವ ಹಕ್ಕೂ ಅವಳದೇ. ಅದು ತಿಳಿದು ಮಾಡಿದ ತೀರ್ಮಾನವಾಗಿರಬೇಕು, ಅಷ್ಟೇ. ನೋವು ಶುರುವಾದ ಮೇಲೆ ಕೇಳುವ ಬದಲು 8ನೇ ತಿಂಗಳಲ್ಲೇ ಕೇಳಿ: ಈ ಆಸ್ಪತ್ರೆಯಲ್ಲಿ ಎಪಿಡ್ಯೂರಲ್ ಕೊಡುತ್ತಾರೆಯೇ? ಅರಿವಳಿಕೆ ತಜ್ಞರು ರಾತ್ರಿಯೂ ಇರುತ್ತಾರೆಯೇ? ಅದರ ಬಿಲ್ ಬೇರೆಯೇ? ಸಹಿ ಹಾಕುವ ಕಾಗದ ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಇರುತ್ತದೆ. ನಮ್ಮ ಮನೆಗಳಲ್ಲಿ ಅದನ್ನು ಓದಿ, ಉರ್ದುವಿನಲ್ಲಿ ಬಿಡಿಸಿ ಹೇಳಬಲ್ಲವರು ನಾವೇ. ಸಹಿಗೆ ಮೊದಲು ಪೂರ್ತಿ ಓದಿ ಹೇಳೋಣ.