ಟೆನ್ನಿಸ್ ಆಡದವರ ಟೆನ್ನಿಸ್ ಎಲ್ಬೋ

ರ್‍ಯಾಕೆಟ್ಟನ್ನು ಕೈಯಲ್ಲಿ ಹಿಡಿದೇ ನೋಡದವರಿಗೂ ‘ಟೆನ್ನಿಸ್ ಎಲ್ಬೋ’ ಬರುತ್ತದೆ. ಬಟ್ಟೆ ಹಿಂಡುವವರು, ಚಪಾತಿ ಲಟ್ಟಿಸುವವರು, ಗಾರೆ ಕೆಲಸದವರು, ಬಡಗಿಗಳು, ದಿನವಿಡೀ ಕತ್ತರಿ ಹಿಡಿಯುವ ದರ್ಜಿಗಳು – ಆಟಗಾರರಿಗಿಂತ ಇಂಥವರಲ್ಲೇ ಇದು ಹೆಚ್ಚು. ವಯಸ್ಕರಲ್ಲಿ ನೂರಕ್ಕೆ ಒಬ್ಬರಿಂದ ಮೂವರನ್ನು ಈ ನೋವು ಕಾಡುತ್ತದೆ. ಅದರಲ್ಲೂ ನಲವತ್ತು, ಐವತ್ತರ ಆಸುಪಾಸಿನವರನ್ನು. ನಮ್ಮಲ್ಲಿ ಈ ಹೆಸರು ಮನೆಮಾತಾದದ್ದು ಮಾತ್ರ 2004ರಲ್ಲಿ, ಸಚಿನ್ ತೆಂಡೂಲ್ಕರ್ ಮೊಣಕೈ ಕೈಕೊಟ್ಟಾಗ.

ನೋವಿನ ಮೂಲ ತಿಳಿಯಲು ಒಂದು ಸುಲಭ ಪ್ರಯೋಗ ಮಾಡಿ ನೋಡಿ. ಎಡಗೈಯಿಂದ ಬಲ ಮುಂಗೈಯ ಮೇಲ್ಭಾಗವನ್ನು, ಮೊಣಕೈಗಿಂತ ತುಸು ಕೆಳಗೆ ಹಿಡಿದುಕೊಂಡು, ಬಲಮುಷ್ಟಿಯನ್ನು ಬಿಗಿಯಿರಿ. ಬೆರಳು ಮಡಚಿದ್ದು ಒಳಬದಿಗೆ, ಆದರೆ ಹೊರಬದಿಯ ಸ್ನಾಯುವೂ ಗಟ್ಟಿಯಾಗುತ್ತದಲ್ಲವೆ? ಮಣಿಕಟ್ಟು ಒಳಕ್ಕೆ ಬಾಗದಂತೆ ಎಳೆದು ಹಿಡಿಯುವುದು ಅದರ ಕೆಲಸ. ಆ ಎಳೆತವೆಲ್ಲ ಮೊಣಕೈಯ ಹೊರಗಿನ ಮೂಳೆಯುಬ್ಬಿಗೆ ಅಂಟಿಕೊಂಡ ಸ್ನಾಯುರಜ್ಜುವಿನ ಮೇಲೆ ಬೀಳುತ್ತದೆ. ಕಾಫಿ ಲೋಟ ಎತ್ತಿದರೂ ಮೊಣಕೈ ‘ಅಯ್ಯೋ’ ಎನ್ನುವುದು ಇದಕ್ಕೇ.

ಇದನ್ನು ಬಹುಕಾಲ ಉರಿಯೂತವೆಂದೇ ತಿಳಿಯಲಾಗಿತ್ತು. 1979ರಲ್ಲಿ ಅಮೆರಿಕದ ಶಸ್ತ್ರವೈದ್ಯ ನಿರ್ಷ್ಲ್ ಮತ್ತು ಸಂಗಡಿಗರು ಕೆಟ್ಟ ರಜ್ಜುವನ್ನು ಪರೀಕ್ಷಿಸಿ ಬೇರೆಯದೇ ಚಿತ್ರ ಕೊಟ್ಟರು. ಅಲ್ಲಿ ಕಂಡದ್ದು ಉರಿಯೂತಕ್ಕಿಂತ ಹೆಚ್ಚಾಗಿ, ಸಾಲುಗೆಟ್ಟು ಅಸ್ತವ್ಯಸ್ತವಾದ ನಾರುಗಳು. ಬಾವಿಹಗ್ಗದ ಎಳೆ ಬಿಚ್ಚಿಕೊಂಡಂತೆ ಎನ್ನಿ. ಚಿಕಿತ್ಸೆ ಯಾವುದು ಸರಿ ಎಂಬ ಪ್ರಶ್ನೆಗೆ ಈ ಸಂಗತಿಯೇ ಬೀಗದಕೈ. ಉರಿಯೂತವಾದರೆ ಆರಿಸಬಹುದು, ಸಡಿಲಗೊಂಡ ಹಗ್ಗವನ್ನು ಮತ್ತೆ ಹೊಸೆಯಬೇಕು.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು ಕಳೆದ ವರ್ಷ ಕೇಳಿದ್ದರು: ‘ಮೇಷ್ಟ್ರೇ, ಕರೆಂಟ್ ಕೊಡಿಸ್ಲಾ, ಸೂಜಿ ಹಾಕಿಸ್ಲಾ?’ ಕೈ ನೋವೆಂದು ರಜೆ ಹಾಕಿದರೆ ಅವರ ಸಂಬಳಕ್ಕೇ ಕತ್ತರಿ. ಹೀಗಾಗಿ ಇದು ಕುತೂಹಲದ ಪ್ರಶ್ನೆಯಾಗಿರಲಿಲ್ಲ.

ಮೊದಲು ‘ಕರೆಂಟ್’. ಜನ ಹಾಗೆನ್ನುವ ಅಲ್ಟ್ರಾಸೌಂಡ್ ಚಿಕಿತ್ಸೆಯಲ್ಲಿ ಕೈಗೆ ಹರಿಯುವುದು ವಿದ್ಯುತ್ತಲ್ಲ, ಕಿವಿಗೆ ಕೇಳಿಸದ ಶಬ್ದ; ಸೆಕೆಂಡಿಗೆ ಹತ್ತರಿಂದ ಮೂವತ್ತು ಲಕ್ಷ ಕಂಪನಗಳು. ಅದರಿಂದ ಒಳಗೆ ಹಿತವಾದ ಬಿಸಿಯೇನೋ ಆಗುತ್ತದೆ, ಆದರೆ ಸಿಗುವ ಲಾಭ ಅಲ್ಪ. ಆಘಾತ ತರಂಗದ ದುಬಾರಿ ಯಂತ್ರದ ಬಗ್ಗೆ 2005ರಲ್ಲಿ ಒಂಬತ್ತು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಪ್ರಯೋಜನ ಇಲ್ಲವೇ ಇಲ್ಲ ಅಥವಾ ತೀರಾ ಕಡಿಮೆ ಎಂಬ ತೀರ್ಮಾನ ಬಂತು. ಮುಂಗೈಗೆ ಬಿಗಿಯುವ ಪಟ್ಟಿ ಅಗ್ಗ. ಕೆಲಸದ ಹೊತ್ತಿನಲ್ಲಿ ಕೆಲವರಿಗೆ ಆಸರೆಯಾದೀತು, ಅಷ್ಟೆ.

ಇನ್ನು ಸೂಜಿ, ಅಂದರೆ ಸ್ಟೀರಾಯ್ಡ್. ನೆದರ್ಲೆಂಡ್ಸ್‌ನಲ್ಲಿ 185 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಆರು ವಾರಕ್ಕೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 92, ಅಲ್ಟ್ರಾಸೌಂಡ್, ಮಸಾಜ್, ವ್ಯಾಯಾಮ ಸೇರಿದ ಫಿಸಿಯೋಥೆರಪಿಯವರಲ್ಲಿ ಶೇ. 47, ಸುಮ್ಮನೆ ಕಾದವರಲ್ಲಿ ಶೇ. 32 ಮಂದಿ ಚೇತರಿಸಿಕೊಂಡಿದ್ದರು. ಇಲ್ಲಿಗೇ ಪುಸ್ತಕ ಮುಚ್ಚಿದ್ದರೆ ಸೂಜಿಯದೇ ಜಯಭೇರಿ! ವರ್ಷ ತುಂಬಿದಾಗ ಲೆಕ್ಕ ತಲೆಕೆಳಗಾಯಿತು: ಸೂಜಿ 69, ಫಿಸಿಯೋಥೆರಪಿ 91, ಸುಮ್ಮನೆ ಕಾದವರು 83. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ 2006ರಲ್ಲಿ ಬಂದ ವರದಿಯದೂ ಇದೇ ಕತೆ. ಸೂಜಿಯಿಂದ ಮೊದಲು ವಾಸಿಯಾಗಿದ್ದ 65 ಮಂದಿಯಲ್ಲಿ 47 ಮಂದಿಗೆ ನೋವು ಮರುಕಳಿಸಿತ್ತು. ಅಲ್ಲಿನ ಫಿಸಿಯೋಥೆರಪಿಯಲ್ಲಿ ಯಂತ್ರವೇ ಇರಲಿಲ್ಲ. ಚಿಕಿತ್ಸಕರು ಕೈಯಿಂದ ಮೊಣಕೈ ಕೀಲನ್ನು ಪಕ್ಕಕ್ಕೆ ಒತ್ತಿ ಹಿಡಿದಾಗ ರೋಗಿ ನೋವಿಲ್ಲದೆ ಮುಷ್ಟಿ ಬಿಗಿಯುವ ವಿಧಾನ, ಜೊತೆಗೆ ವ್ಯಾಯಾಮ. ವರ್ಷದ ಕೊನೆಗೆ ಅವರೂ ಸುಮ್ಮನೆ ಕಾದವರೂ ಹೆಚ್ಚುಕಡಿಮೆ ಸಮಸಮ ಎಂಬುದು ನಿಜ. ಆದರೆ ಮೊದಲ ತಿಂಗಳುಗಳ ಸಂಕಟ ಇವರಿಗೆ ಕಡಿಮೆ. ದಿನಗೂಲಿಯವರಿಗೆ ಆ ತಿಂಗಳುಗಳೇ ಮುಖ್ಯ ತಾನೆ?

ನನ್ನ ಮತ ವ್ಯಾಯಾಮಕ್ಕೆ. ಖರ್ಚಿಲ್ಲ, ಯಂತ್ರವಿರುವ ಪಟ್ಟಣಕ್ಕೆ ಬಸ್ ಹಿಡಿಯಬೇಕಿಲ್ಲ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಿಂದಾಚೆಗೆ ಚಾಚಿರಲಿ. ಕೈಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ. ತೂಕ ಅರ್ಧ ಕಿಲೋ, ತಕ್ಕಡಿ ಬೇಡ. ಇನ್ನೊಂದು ಕೈಯ ನೆರವಿನಿಂದ ಮಣಿಕಟ್ಟನ್ನು ಮೇಲೆತ್ತಿ, ನೋವಿರುವ ಕೈಯೊಂದರಿಂದಲೇ ನಾಲ್ಕೈದು ಎಣಿಸುವಷ್ಟು ಹೊತ್ತು ನಿಧಾನವಾಗಿ ಇಳಿಸಬೇಕು. ಹತ್ತು, ಹದಿನೈದು ಸಲ; ನಡುವೆ ವಿರಾಮ ಕೊಟ್ಟು ಮೂರು ಸುತ್ತು. ಗುಟ್ಟಿರುವುದು ಇಳಿಸುವುದರಲ್ಲಿ: ಸ್ನಾಯು ಉದ್ದವಾಗುತ್ತಲೇ ಭಾರ ಹೊರುವಾಗ ರಜ್ಜುವಿಗೆ ಅಳತೆಯ ಎಳೆತ ಸಿಗುತ್ತದೆ. ಸ್ವಲ್ಪ ನೋವಾದರೆ ಸಹಿಸಬಹುದು. ಮರುದಿನ ಹೆಚ್ಚಾಗಿದ್ದರೆ ಬಾಟಲಿಯ ನೀರು ಕಡಿಮೆ ಮಾಡಿ. ಎರಡು ಮೂರು ತಿಂಗಳ ತಾಳ್ಮೆ ಬೇಕು. ಮೊದಲ ಸಲ ಮಾತ್ರ ಫಿಸಿಯೋಥೆರಪಿಸ್ಟ್ ಒಬ್ಬರ ಮುಂದೆ ಮಾಡಿ ತೋರಿಸುವುದು ಒಳ್ಳೆಯದು.

ವ್ಯಾಯಾಮ ಮಾಡುತ್ತಾ ಹಳೆಯ ಚಾಳಿಯಲ್ಲೇ ಕೆಲಸ ಮಾಡಿದರೆ ಫಲವಿಲ್ಲ. ಚೀಲವನ್ನು ಅಂಗೈ ಮೇಲ್ಮುಖವಾಗಿ, ಮೊಣಕೈ ಮೈಗೆ ಹತ್ತಿರವಿಟ್ಟು ಎತ್ತಿ. ಬಟ್ಟೆಯನ್ನು ಹಿಂಡದೆ ನೀರು ಸೋರಲು ಬಿಡಿ. ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಬೆರಳು ಜೋಮು ಹಿಡಿಯುತ್ತಿದ್ದರೆ, ನೋವು ಕುತ್ತಿಗೆಯಿಂದ ಇಳಿಯುತ್ತಿದ್ದರೆ, ಬಿದ್ದು ಪೆಟ್ಟಾದ ಮೇಲೆ ಶುರುವಾಗಿದ್ದರೆ ಬಾಟಲಿ ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ. ಅದು ಬೇರೆಯೇ ಕಾಯಿಲೆ ಇರಬಹುದು.