ಇನ್ವರ್ಟರ್ ಬ್ಯಾಟರಿ ಯಾಕೆ ಸಿಡಿಯುತ್ತದೆ? ಸ್ಪ್ಯಾನರ್ ಹಿಡಿಯುವ ಮೊದಲು ತಿಳಿದಿರಬೇಕಾದ ವಿಷಯಗಳು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು, ಬರುವುದು ಮಾಮೂಲು. ಹಾಗಾಗಿ ಮನೆ, ಅಂಗಡಿ, ಮದ್ರಸ, ಮಸೀದಿ ಎಲ್ಲೆಡೆ ಇನ್ವರ್ಟರ್ ಬಂದಿದೆ. ಆದರೆ ಅದರ ಬ್ಯಾಟರಿಗೆ ಸಿಗುವ ಜಾಗ ಹೆಚ್ಚಾಗಿ ಮೆಟ್ಟಿಲಿನಡಿಯ ಮೂಲೆ, ಇಲ್ಲವೇ ಬಾಗಿಲು ಹಾಕಿದ ಕಪಾಟು. ಮಕ್ಕಳ ಕೈಗೆ ಸಿಗಬಾರದು, ನೆಂಟರ ಕಣ್ಣಿಗೆ ಬೀಳಬಾರದು ಎಂಬುದು ಮನೆಯವರ ಲೆಕ್ಕ. ಗಾಳಿಯಾಡದ ಆ ಜಾಗದಲ್ಲೇ ಅಪಾಯ ಅಡಗಿರುತ್ತದೆ.

"ಬ್ಯಾಟರಿ ಬ್ಲಾಸ್ಟ್ ಆಯ್ತಂತೆ" ಎಂಬ ಸುದ್ದಿ ಬಂದಾಗ ಬೈಗುಳ ಬೀಳುವುದು ಕಂಪೆನಿಗೆ ಅಥವಾ ಸೆಕೆಗೆ. ಹೆಚ್ಚಿನ ಸಲ ಸಿಡಿಯುವುದು ಬ್ಯಾಟರಿಯಿಂದ ಹೊರಟ ಹೈಡ್ರೋಜನ್ ಅನಿಲ. ಅದಕ್ಕೆ ಬೆಂಕಿ ಕೊಡುವ ಕಿಡಿ ಅನೇಕ ಸಲ ರಿಪೇರಿಗೆ ಬಗ್ಗಿದವರ ಕೈಯಿಂದಲೇ ಬರುತ್ತದೆ. ಆಗ ಆಸಿಡ್ ಮತ್ತು ಪ್ಲಾಸ್ಟಿಕ್ ಚೂರು ಹಾರುವುದು ನೇರ ಮುಖಕ್ಕೆ, ಕಣ್ಣಿಗೆ.

ಗ್ಯಾಸ್ ಬರುವುದು ಹೇಗೆ?

12 ವೋಲ್ಟ್ ಬ್ಯಾಟರಿಯೊಳಗೆ 6 ಸೆಲ್‌ಗಳಿವೆ. ಪ್ರತಿಯೊಂದರಲ್ಲೂ ಸೀಸದ ಪ್ಲೇಟ್‌ಗಳು, ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್ ಇರುತ್ತದೆ. ಚಾರ್ಜ್ ಮುಗಿಯುತ್ತ ಬಂದಂತೆ ಪ್ಲೇಟ್‌ಗಳು ಹೆಚ್ಚು ಕರೆಂಟು ಹಿಡಿಯುವುದಿಲ್ಲ. ಮಿಕ್ಕಿದ ಕರೆಂಟು ನೀರನ್ನೇ ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿಸುತ್ತದೆ. ಬ್ಯಾಟರಿಯ ವೋಲ್ಟೇಜ್ 14.4ರ ಹತ್ತಿರ ಬಂದಾಗ ಇದು ಜೋರಾಗುತ್ತದೆ. "ಬ್ಯಾಟರಿ ಕುದೀತಾ ಉಂಟು" ಎಂದು ಹೇಳುವ ಗುಳುಗುಳು ಸದ್ದು ಇದೇ.

ಹೈಡ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4ರಿಂದ 75ರ ಒಳಗಿದ್ದರೆ ಹೊತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಬಟ್ಟೆ ಉಜ್ಜಿ ಮೈಯಲ್ಲಿ ಸೇರುವ, ನಮಗೆ ಗೊತ್ತೇ ಆಗದಷ್ಟು ಸಣ್ಣ ಸ್ಥಿರ ವಿದ್ಯುತ್ತಿನ ಕಿಡಿಯೂ ಅದಕ್ಕೆ ಸಾಕು.

ಚಾರ್ಜರ್ ಕೆಟ್ಟು, ಭರ್ತಿಯಾದ ಬ್ಯಾಟರಿಗೆ 10 ಆಂಪಿಯರ್ ಹರಿಯುತ್ತಲೇ ಇದೆ ಎಂದುಕೊಳ್ಳಿ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಪ್ರತಿ ಸೆಲ್‌ನಿಂದ ಸುಮಾರು 0.42 ಲೀಟರ್ ಹೈಡ್ರೋಜನ್. ಆರು ಸೆಲ್‌ಗೆ ಗಂಟೆಗೆ 25 ಲೀಟರ್ ಆಯಿತು. ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರುವ ಮುಚ್ಚಿದ ಕಪಾಟಿನಲ್ಲಿ ಶೇ. 4 ಎಂದರೆ 40 ಲೀಟರ್. ಎರಡು ಗಂಟೆಯೊಳಗೆ ಆ ಮಟ್ಟ ತಲುಪಬಹುದು. ಸರಿಯಿರುವ ಚಾರ್ಜರ್ ಕೊನೆಯಲ್ಲಿ ಕರೆಂಟು ಇಳಿಸುತ್ತದೆ, ಗ್ಯಾಸ್ ಕಡಿಮೆಯಾಗುತ್ತದೆ. ಆದರೆ ಪೂರ್ತಿ ನಿಲ್ಲುವುದಿಲ್ಲ.

ಜಾಗ ಹೇಗಿರಬೇಕು?

ಹೈಡ್ರೋಜನ್ ಗಾಳಿಗಿಂತ ಸುಮಾರು 14 ಪಟ್ಟು ಹಗುರ, ಹಾಗಾಗಿ ಮೇಲಕ್ಕೇರುತ್ತದೆ. ಕೆಳಗೊಂದು ಕಿಂಡಿಯಿಂದ ಗಾಳಿ ಒಳಗೆ ಬರಬೇಕು, ಎದುರು ಬದಿಯಲ್ಲಿ ಮೇಲಿನ ಕಿಂಡಿಯಿಂದ ಹೊರಗೆ ಹೋಗಬೇಕು. ಅಂತಾರಾಷ್ಟ್ರೀಯ ಮಾನದಂಡ ಐಇಸಿ 62485-2ರ ಲೆಕ್ಕ ಹಿಡಿದರೆ, 150 ಆಂಪಿಯರ್-ಅವರ್‌ನ ಎರಡು ನೀರು ಹಾಕುವ ಬ್ಯಾಟರಿಗಳಿಗೆ ಮೇಲೆ, ಕೆಳಗೆ ತಲಾ 50 ಚದರ ಸೆಂ.ಮೀ. ತೆರಪು ಬೇಕು. ಅಂದರೆ 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಕಿಂಡಿ. ಇದು ಕನಿಷ್ಠ ಅಳತೆ. ದೊಡ್ಡದಿದ್ದರೆ ಇನ್ನೂ ಒಳ್ಳೆಯದು.

ಮುಚ್ಚಿದ ಕಪಾಟಿನಲ್ಲಿ ಬ್ಯಾಟರಿಯ ಮೇಲೆಯೇ ಇನ್ವರ್ಟರ್ ಇಡುವುದು ಬೇಡ. ಗ್ಯಾಸ್ ಏರುವುದು ಅಲ್ಲಿಗೇ, ಇನ್ವರ್ಟರ್‌ನೊಳಗಿನ ರಿಲೇ ಕಿಡಿ ಹಾರಿಸುವುದೂ ಅಲ್ಲೇ. ಅಡುಗೆ ಗ್ಯಾಸ್ ಸಿಲಿಂಡರ್, ಸ್ವಿಚ್‌ಬೋರ್ಡ್, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು.

ಮುಟ್ಟುವ ಮೊದಲು

ಚಾರ್ಜ್ ಆಗುತ್ತಿರುವಾಗ ಮತ್ತು ಆದ ಕೂಡಲೇ ಅಪಾಯ ಹೆಚ್ಚು. ಕೆಲಸದ ಕ್ರಮ ಹೀಗಿರಲಿ:

1. ಇನ್ವರ್ಟರ್ ಮತ್ತು ಚಾರ್ಜರ್ ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಕರೆಂಟು ಹರಿಯುತ್ತಿರುವಾಗ ಕ್ಲಾಂಪ್ ಎತ್ತಿದರೆ ಕಿಡಿ ಖಂಡಿತ.
2. ಬಾಗಿಲು, ಕಿಟಕಿ ತೆರೆದು ಅರ್ಧ ಗಂಟೆಯಾದರೂ ಗಾಳಿಯಾಡಲು ಬಿಡಿ.
3. ಕೈಯ ಉಂಗುರ, ವಾಚ್ ತೆಗೆಯಿರಿ. ಬ್ಯಾಟರಿ ಮುಟ್ಟುವ ಮೊದಲು ದೂರದ ಕಬ್ಬಿಣದ ಗ್ರಿಲ್ ಒಮ್ಮೆ ಮುಟ್ಟಿ. ಮೈಯ ಸ್ಥಿರ ವಿದ್ಯುತ್ ಅಲ್ಲೇ ಇಳಿಯುತ್ತದೆ.
4. ಕಣ್ಣಿಗೆ ಗಾಗಲ್ಸ್, ಕೈಗೆ ರಬ್ಬರ್ ಗ್ಲೌಸ್ ಕಡ್ಡಾಯ. ಕೋಣೆಗೆ ಗಾಳಿ ಬಿಟ್ಟರೂ ಬ್ಯಾಟರಿಯ ಒಳಗಿನ ಗ್ಯಾಸ್ ಪೂರ್ತಿ ಹೋಗಿರುವುದಿಲ್ಲ.
5. ಸ್ಪ್ಯಾನರ್‌ನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಅದು ಎರಡು ಟರ್ಮಿನಲ್‌ಗೂ ಒಟ್ಟಿಗೆ ತಾಗಿದರೆ ದೊಡ್ಡ ಕಿಡಿ ಏಳುತ್ತದೆ. ಬಿಚ್ಚಿದ ಕೇಬಲ್‌ನ ತುದಿಗೂ ಟೇಪ್ ಹಾಕಿ.
6. ನೀರಿನ ಮಟ್ಟ ನೋಡಲು ಲೈಟರ್, ಬೆಂಕಿಕಡ್ಡಿ ಬೇಡವೇ ಬೇಡ. ಟಾರ್ಚನ್ನು ದೂರದಲ್ಲೇ ಆನ್ ಮಾಡಿ ತನ್ನಿ.

ನಿರ್ವಹಣೆಯಲ್ಲಿ ಆಗುವ ತಪ್ಪು

ನೀರು ಇಳಿದಷ್ಟೂ ಪ್ಲೇಟ್‌ಗಳ ಮೇಲೆ ಗ್ಯಾಸ್ ತುಂಬುವ ಜಾಗ ಹೆಚ್ಚುತ್ತದೆ. ಹಾಗಾಗಿ ಮಟ್ಟ ತಪ್ಪದಂತೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಅದೂ ಚಾರ್ಜ್ ಮುಗಿದ ಮೇಲೆ. ಪ್ಲೇಟ್ ಬರಿದಾಗಿ ಕಂಡರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ. ವೆಂಟ್ ಪ್ಲಗ್‌ನ ರಂಧ್ರ ಧೂಳಿನಿಂದ ಮುಚ್ಚಿರಬಾರದು. ಕ್ಲಾಂಪ್ ಸಡಿಲವಾಗಿದ್ದರೆ ಲೋಡ್ ಬಿದ್ದಾಗಲೆಲ್ಲ ಕಿಡಿ ಹಾರಬಹುದು.

ಹಳೆಯದೊಂದು, ಹೊಸದೊಂದು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡುವುದು ಖರ್ಚು ಉಳಿಸುವ ದಾರಿ ಅಲ್ಲ. ಬಲ ಕುಂದಿದ ಹಳೆಯದು ಬೇಗ ಭರ್ತಿಯಾಗಿ ಓವರ್‌ಚಾರ್ಜ್ ಆಗುತ್ತದೆ. ಇನ್ವರ್ಟರ್‌ನ ಹಿಂದೆ ಬ್ಯಾಟರಿಯ ಬಗೆ ಆರಿಸುವ ಸ್ವಿಚ್ ಇದ್ದರೆ ಅದೂ ಸರಿಯಿರಬೇಕು. "ಮೇಂಟೆನೆನ್ಸ್ ಫ್ರೀ" ಬ್ಯಾಟರಿಗೆ ಟ್ಯೂಬುಲರ್ ಸೆಟ್ಟಿಂಗ್ ಇಟ್ಟರೆ ವೋಲ್ಟೇಜ್ ಹೆಚ್ಚಾಗಿ ಬಿಸಿಯೇರುತ್ತದೆ. ಅದರ ವಾಲ್ವ್ ತೆರೆದು ಗ್ಯಾಸ್ ಹೊರಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ, ಬ್ಯಾಟರಿ ಉಬ್ಬಿದ್ದರೆ ಮೇನ್ ಸ್ವಿಚ್‌ನಿಂದಲೇ ಆಫ್ ಮಾಡಿ ಎಲ್ಲರೂ ಹೊರಗೆ ಬನ್ನಿ. ಆ ವಾಸನೆಯ ಗ್ಯಾಸ್ ವಿಷಕಾರಿ.

ವಾಹನಕ್ಕೂ ಇದೇ ಮಾತು. ಇನ್ನೊಂದು ಗಾಡಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡುವಾಗ ಕೊನೆಯ ನೆಗೆಟಿವ್ ಕ್ಲಾಂಪನ್ನು ಚಾರ್ಜ್ ಇಳಿದ ಬ್ಯಾಟರಿಗೆ ಹಾಕಬೇಡಿ. ದೂರದಲ್ಲಿ ಎಂಜಿನ್‌ನ ಲೋಹದ ಭಾಗಕ್ಕೆ ಹಾಕಿ. ಕಿಡಿ ಬಂದರೂ ಗ್ಯಾಸ್‌ನಿಂದ ದೂರ ಇರುತ್ತದೆ.

ಸಿಡಿದೇಬಿಟ್ಟರೆ?

ಕಣ್ಣಿಗೆ ಆಸಿಡ್ ಬಿದ್ದರೆ ಆ ಕ್ಷಣವೇ ಶುದ್ಧ ನೀರಿನಿಂದ, ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ 20 ನಿಮಿಷ ತೊಳೆಯಿರಿ. ಉಜ್ಜಬೇಡಿ. ಅಡುಗೆ ಸೋಡಾ ನೆಲದ ಆಸಿಡ್‌ಗೆ ಸರಿ, ಕಣ್ಣಿಗೆ ಹಾಕಬಾರದು. ಆಸಿಡ್ ಬಿದ್ದ ಬಟ್ಟೆ ತೆಗೆಯಿರಿ. ತೊಳೆದ ಬಳಿಕ ತಡಮಾಡದೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

"ಇಷ್ಟು ವರ್ಷ ಏನೂ ಆಗ್ಲಿಲ್ಲ" ಎಂಬ ಮಾತು ಎಲ್ಲ ಮನೆಯಲ್ಲೂ ಕೇಳಿಬರುತ್ತದೆ. ಗ್ಯಾಸ್ ಮತ್ತು ಕಿಡಿ ಒಟ್ಟಿಗೆ ಸೇರಲಿಲ್ಲ ಎಂದಷ್ಟೇ ಅದರ ಅರ್ಥ. ಇವತ್ತೇ ಒಮ್ಮೆ ಮೆಟ್ಟಿಲಿನಡಿಯ ಬಾಗಿಲು ತೆರೆದು ನೋಡಿ: ಮೇಲೆ ಕಿಂಡಿ ಉಂಟಾ? ನೀರು ಸರಿ ಉಂಟಾ? ಕ್ಲಾಂಪ್ ಬಿಗಿ ಉಂಟಾ? ಇಲ್ಲದಿದ್ದರೆ ಮುಂದಿನ ಮಳೆಗೆ ಕಾಯದೆ ಸರಿ ಮಾಡಿಸಿಕೊಳ್ಳಿ.